ಯಾರೂ ನೋಡದ ಜಾಗ

ಮುಂಬೈನ ಹಳೆಯ ಆಫೀಸು ಕಟ್ಟಡಗಳ ಮೆಟ್ಟಿಲು ಹತ್ತಿದವರಿಗೆಲ್ಲ ಈ ದೃಶ್ಯ ಗೊತ್ತು. ಮಹಡಿ ತಿರುಗುವ ಮೂಲೆಯಲ್ಲಿ, ನೆಲದಿಂದ ಒಂದೆರಡು ಅಡಿ ಮೇಲೆ, ದೇವರ ಟೈಲ್ಸ್ ಸಾಲಾಗಿ ಅಂಟಿಕೊಂಡಿರುತ್ತವೆ. ಗಣಪತಿ, ಶಿರಡಿ ಬಾಬಾ, ಪಕ್ಕದಲ್ಲಿ ಶಿಲುಬೆ, ಅದರ ಪಕ್ಕ ಕಾಬಾದ ಚಿತ್ರ, ಕೆಲವು ಕಡೆ ಗುರುನಾನಕರು. ಚೆನ್ನೈನ ಕಾಂಪೌಂಡುಗಳ ಮೇಲೂ ದೆಹಲಿಯ ಗಲ್ಲಿಗಳಲ್ಲೂ ಇವು ಉಂಟು. ಭಕ್ತಿಗಾಗಿ ಅಂಟಿಸಿದ್ದಲ್ಲ, ಪಾನ್ ಉಗುಳುವವರಿಗೂ ಗೋಡೆಗೆ ಮುಖ ಮಾಡಿ ನಿಲ್ಲುವವರಿಗೂ ಇದು ಕಡೆಯ ಎಚ್ಚರಿಕೆ. ಸರ್ವಧರ್ಮ ಸಮನ್ವಯ ಈ ದೇಶದಲ್ಲಿ ಅತಿ ಶ್ರದ್ಧೆಯಿಂದ ನಡೆಯುತ್ತಿರುವುದು ಬಹುಶಃ ಈ ಮೂಲೆಗಳಲ್ಲೇ.

ಉಪಾಯ ಫಲಿಸುತ್ತದೆ, ಅದನ್ನು ಒಪ್ಪಬೇಕು. ದಂಡದ ಬೋರ್ಡು ಮಾಡದ ಕೆಲಸವನ್ನು ಐವತ್ತು ರೂಪಾಯಿಯ ಟೈಲ್ ಮಾಡುತ್ತದೆ. ಆದರೆ ಟೈಲ್ಸ್ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಗೋಡೆ ಕೆಂಪಗಾಗಿರುತ್ತದೆ. ಗಣಪತಿಯ ಮುಂದೆ ತಡೆದುಕೊಂಡ ಮನುಷ್ಯ ನಾಲ್ಕಡಿ ಆಚೆ ಹೋಗಿ ಹಗುರಾಗಿದ್ದಾನೆ. ದೇವರು ಎಲ್ಲೆಲ್ಲೂ ಇದ್ದಾನೆ ಎಂದು ನಂಬುವವನೇ, ಟೈಲ್ ಇಲ್ಲದ ಕಡೆ ಅವನು ಇಲ್ಲ ಎಂಬ ಲೆಕ್ಕದಲ್ಲಿ ಬದುಕುತ್ತಾನೆ.

ಕನ್ನಡ ಶಾಲೆಯಲ್ಲಿ ಓದಿದವರಿಗೆ ಇಲ್ಲಿ ಕನಕದಾಸರ ಬಾಳೆಹಣ್ಣು ನೆನಪಾಗದೆ ಇರದು. ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಹಣ್ಣು ಕೊಟ್ಟು, ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಅಂದರಂತೆ. ಒಬ್ಬ ಬಾಗಿಲ ಹಿಂದೆ ತಿಂದ, ಇನ್ನೊಬ್ಬ ಕಂಬಳಿ ಹೊದ್ದು ತಿಂದ. ಕನಕರು ಹಣ್ಣನ್ನು ಹಾಗೇ ಹಿಡಿದುಕೊಂಡು ಬಂದರು. ದೇವರು ನೋಡದ ಜಾಗವೇ ಸಿಗಲಿಲ್ಲ ಎಂದರು. ಐತಿಹ್ಯವಾದರೂ ಕನ್ನಡ ಮಕ್ಕಳ ತಲೆಯಲ್ಲಿ ನೀತಿಯ ಪಾಠವಾಗಿ ಗಟ್ಟಿಯಾಗಿ ಕೂತ ಕತೆ ಇದು. ಟೈಲ್ಸ್ ಅಂಟಿಸಿದವರದೂ ಇದೇ ತರ್ಕ, ಸ್ವಲ್ಪ ಅಗ್ಗದ ಆವೃತ್ತಿ ಅಷ್ಟೆ.

ಈ ಕತೆ ಕೇಳಿದ ಮಗು ಕೇಳಬಹುದಾದ, ಸಾಮಾನ್ಯವಾಗಿ ಯಾರೂ ಕೇಳಲು ಬಿಡದ ಒಂದು ಪ್ರಶ್ನೆಯಿದೆ. ದೇವರೇ ಇಲ್ಲ ಎಂದು ಕನಕ ನಂಬಿದ್ದರೆ? ಹಣ್ಣು ತಿನ್ನುತ್ತಿದ್ದ. ತಿಂದರೆ ತಪ್ಪೇನು? ಗುರುಗಳೇ ಕೊಟ್ಟ ಹಣ್ಣು. ಆದರೆ ಅದು ಪಕ್ಕದವನ ಹಣ್ಣಾಗಿದ್ದರೆ, ಯಾರೂ ನೋಡುತ್ತಿಲ್ಲ ಎಂಬುದು ಖಾತ್ರಿಯಾಗಿದ್ದರೆ? ದೇವರಿಲ್ಲದೆ ಮನುಷ್ಯ ನೆಟ್ಟಗೆ ಬದುಕಬಲ್ಲನೇ ಎಂಬ ಹಳೆಯ ವಾದವೆಲ್ಲ ಈ ಎರಡನೆಯ ಹಣ್ಣಿನ ಮೇಲೆ ನಿಂತಿದೆ.

ಕನ್ನಡದಲ್ಲಿ ಈ ಪ್ರಶ್ನೆ ಕೇಳುವುದೇ ಕಷ್ಟ. ‘ಧರ್ಮವಿಲ್ಲದೆ ಬದುಕಬಹುದೇ’ ಎಂದು ಕೇಳಿದರೆ ಅಜ್ಜಿ ನಗುತ್ತಾಳೆ. ಬೀದಿಯಲ್ಲಿ ಕೈಚಾಚಿದವನು ‘ಧರ್ಮ ಮಾಡಿ ಸ್ವಾಮಿ’ ಎನ್ನುವಾಗ ಯಾರನ್ನೂ ಮತಾಂತರಿಸುತ್ತಿಲ್ಲ. ಧರ್ಮಸಂಕಟ, ಧರ್ಮಛತ್ರ, ಧರ್ಮಾಸ್ಪತ್ರೆ, ಧರ್ಮಕ್ಕೆ ಸಿಕ್ಕ ವಸ್ತು ಎಂದು ಪದ ಬೆಳೆಯುತ್ತಾ ಹೋಗಿ, ಜನ ಸೇರಿ ಕಳ್ಳನಿಗೆ ಪುಕ್ಕಟೆಯಾಗಿ ಕೊಡುವ ಧರ್ಮದೇಟಿಗೆ ಬಂದು ನಿಲ್ಲುತ್ತದೆ. ದೇವರು, ಮತ, ಆಚಾರ, ನ್ಯಾಯ, ದಾನ ಎಲ್ಲವನ್ನೂ ಒಂದೇ ಗೋಣಿಯಲ್ಲಿ ಕಟ್ಟಿಟ್ಟ ಪದ ಇದು. ಹಾಗಾಗಿ ಯಾವನೋ ನಾಸ್ತಿಕ ಒಳ್ಳೆಯವನೆಂದು ಗೊತ್ತಾದಾಗ ಊರು ಅವನನ್ನು ‘ದೇವರಂಥ ಮನುಷ್ಯ’ ಅಂದುಬಿಡುತ್ತದೆ. ಅವನು ಬೇಡವೆಂದರೂ ಬಿಡುವುದಿಲ್ಲ.

ಹಾಗೆ ಬೇಡವೆಂದವರಲ್ಲಿ ಒಬ್ಬರು ಈ ಪ್ರಶ್ನೆಯನ್ನು ನೇರವಾಗಿ ಮಹಾತ್ಮ ಗಾಂಧಿಯವರ ಮುಂದೆಯೇ ಇಟ್ಟರು. ಅವರ ಬಳಿಗೆ ಹೋಗುವ ಮೊದಲು ಲಂಡನ್ನಿಗೆ ಒಂದು ಸುತ್ತು ಹೋಗಿಬರಬೇಕು, ಯಾಕೆಂದರೆ ಗಾಂಧಿಗೆ ನಾಸ್ತಿಕರ ಪರಿಚಯವಾದದ್ದು ಅಲ್ಲಿ, ಅದೂ ಒಂದು ಶವಸಂಸ್ಕಾರದಲ್ಲಿ.

ಚಾರ್ಲ್ಸ್ ಬ್ರಾಡ್ಲಾ 1880ರಲ್ಲಿ ನಾರ್ಥಾಂಪ್ಟನ್‌ನಿಂದ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದ, ತಾನು ನಾಸ್ತಿಕನೆಂದು ಬಹಿರಂಗವಾಗಿ ಸಾರಿಕೊಂಡಿದ್ದ ಮನುಷ್ಯ. ದೇವರ ಹೆಸರಿನ ಪ್ರಮಾಣದ ಬದಲು ಬರೀ ಪ್ರತಿಜ್ಞೆ ಮಾಡಲು ಅನುಮತಿ ಕೇಳಿದರು. ಕೊಡಲಿಲ್ಲ. ಸರಿ, ಪ್ರಮಾಣವನ್ನೇ ಮಾಡುತ್ತೇನೆ ಎಂದರೆ, ದೇವರನ್ನು ನಂಬದವನ ಪ್ರಮಾಣಕ್ಕೆ ಬೆಲೆಯಿಲ್ಲ ಎಂದು ಅದಕ್ಕೂ ಬಿಡಲಿಲ್ಲ. ಒಂದು ರಾತ್ರಿ ಸಂಸತ್ತಿನ ಗಡಿಯಾರ ಗೋಪುರದಲ್ಲೇ ಸೆರೆಯಿಟ್ಟರು. ಮತದಾರರು ಮತ್ತೆ ಮತ್ತೆ ಗೆಲ್ಲಿಸಿದರು, ಸದನ ಮತ್ತೆ ಮತ್ತೆ ಹೊರಗಿಟ್ಟಿತು. ಕಡೆಗೆ ಒಳಗೆ ಕೂರಲು ಬಿಟ್ಟದ್ದು 1886ರಲ್ಲಿ. 1888ರಲ್ಲಿ ಪ್ರಮಾಣದ ಕಾನೂನೇ ಬದಲಾಯಿತು. ಮೊದಲ ದಿನವೇ ಬಾಯಿಮುಚ್ಚಿಕೊಂಡು ಎಲ್ಲರಂತೆ ಪ್ರಮಾಣ ಮಾಡಿಬಿಟ್ಟಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಸುಳ್ಳು ಹೇಳಲಾರೆ ಎಂದವನ ಮಾತನ್ನು ನಂಬಲಾಗದು ಎಂದು ಹೊರಗಿಟ್ಟ ವಿಚಿತ್ರ ಇದು.

ಬ್ರಾಡ್ಲಾ ಭಾರತದ ಪರವಾಗಿ ಎಷ್ಟು ಮಾತಾಡಿದರೆಂದರೆ ಅವರನ್ನು ‘ಭಾರತದ ಸದಸ್ಯ’ ಎಂದೇ ಕರೆಯುತ್ತಿದ್ದರು. 1889ರ ಬೊಂಬಾಯಿ ಕಾಂಗ್ರೆಸ್ಸಿಗೂ ಬಂದಿದ್ದರು. ಅವರು ತೀರಿಕೊಂಡದ್ದು 1891ರ ಜನವರಿ 30. (ತಾರೀಖು ಕಾಕತಾಳೀಯ, ಆದರೂ ಕಣ್ಣಿಗೆ ಬೀಳುತ್ತದೆ.) ಆಗ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಇಪ್ಪತ್ತೊಂದರ ಗಾಂಧಿ ಬ್ರೂಕ್‌ವುಡ್ ಸ್ಮಶಾನಕ್ಕೆ ಹೋಗಿದ್ದರು. ವಾಪಸು ಬರುವಾಗ ರೈಲು ನಿಲ್ದಾಣದಲ್ಲಿ ಒಬ್ಬ ಜೋರುಬಾಯಿಯ ನಾಸ್ತಿಕ ಪಾದ್ರಿಯೊಬ್ಬರನ್ನು ಹಿಡಿದು, ನಿಮ್ಮ ದೇವರ ಅಳತೆ ಎಷ್ಟು, ವಾಸ ಎಲ್ಲಿ ಎಂದು ಪೀಡಿಸುತ್ತಿದ್ದುದನ್ನು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಪಾದ್ರಿ ಸುಮ್ಮನಿದ್ದರು. ಗಾಂಧಿಗೆ ನಾಸ್ತಿಕತೆಯ ಬಗ್ಗೆ ಮೊದಲೇ ಇದ್ದ ಬೇಸರ ಅಲ್ಲಿ ಇನ್ನಷ್ಟು ಹೆಚ್ಚಾಯಿತು. ವಾದದಲ್ಲಿ ಗೆದ್ದವನಿಗಿಂತ ಸುಮ್ಮನಿದ್ದವನೇ ಮನುಷ್ಯನಾಗಿ ಕಂಡ. ಇಂದಿನ ಟಿವಿ ಚರ್ಚೆಗಳನ್ನು ನೋಡಿದವರಿಗೆ ಆ ಬೇಸರ ಅರ್ಥವಾದೀತು, ಅದು ಯಾವ ಪಕ್ಷದವರ ಮೇಲಾದರೂ ಸರಿ.

ಆದರೆ ಬ್ರಾಡ್ಲಾ ಗಾಂಧಿಯನ್ನು ಬಿಡಲಿಲ್ಲ. ನಲವತ್ತು ವರ್ಷಗಳ ನಂತರ, 1931ರ ಡಿಸೆಂಬರ್‌ನಲ್ಲಿ, ಸ್ವಿಟ್ಜರ್‌ಲೆಂಡಿನ ಲೋಸಾನ್‌ನಲ್ಲಿ ಗಾಂಧಿ ತಮ್ಮ ಹಳೆಯ ಸೂತ್ರವನ್ನು ತಿರುಗಿಸಿದ ಬಗೆಯನ್ನು ವಿವರಿಸಿದರು. ದೇವರೇ ಸತ್ಯ ಎನ್ನುತ್ತಿದ್ದವರು, ಸತ್ಯವೇ ದೇವರು ಎಂದರು. ಕಾರಣವಾಗಿ ನೆನೆದದ್ದು ನಾಸ್ತಿಕರನ್ನೇ. ದೇವರನ್ನು ಅಲ್ಲಗಳೆದವರುಂಟು, ಸತ್ಯ ಬೇಡವೆಂದವರಿಲ್ಲ ಎಂಬುದು ಅವರ ಅಂಬೋಣ. ಬ್ರಾಡ್ಲಾರನ್ನೂ ಅವರು ದೈವಭೀರುಗಳ ಸಾಲಿಗೇ ಸೇರಿಸಿಕೊಂಡರು. ಉದಾರವಾದ ಮಾತು ನಿಜ, ಆದರೆ ಒಂದು ರಾತ್ರಿ ಗೋಪುರದಲ್ಲಿ ಕಳೆದವನಿಗೆ ಆ ಬಿರುದು ಖುಷಿ ಕೊಡುತ್ತಿತ್ತೇ ಎಂಬುದು ಅನುಮಾನ.

ಈಗ ವಿಜಯವಾಡ. ಚೆನ್ನೈನಿಂದ ದೆಹಲಿಗೆ ರೈಲಿನಲ್ಲಿ ಹೋಗುವವರು ಕೃಷ್ಣಾ ನದಿ ದಾಟಿ ಊಟದ ಪೊಟ್ಟಣ ಕೊಳ್ಳುವ ಊರು. ಅಲ್ಲಿನ ಬೆಂಜ್ ಸರ್ಕಲ್ ಬಳಿ ‘ನಾಸ್ತಿಕ ಕೇಂದ್ರ’ ಎಂಬ ಬೋರ್ಡಿದೆ. ಅದನ್ನು ಕಟ್ಟಿದವರು ಗೋಪರಾಜು ರಾಮಚಂದ್ರ ರಾವ್, ಎಲ್ಲರ ಬಾಯಲ್ಲಿ ಗೋರಾ. ಹುಟ್ಟಿದ್ದು 1902ರಲ್ಲಿ, ತೆಲುಗು ಬ್ರಾಹ್ಮಣ ಮನೆತನದಲ್ಲಿ. ಓದಿದ್ದು ಮದ್ರಾಸಿನಲ್ಲಿ ಸಸ್ಯಶಾಸ್ತ್ರ. ಜನಿವಾರ ಬೇಡವೆಂದದ್ದಕ್ಕೆ ಜಾತಿಯಿಂದ ಹೊರಬಿದ್ದರು. ದೇವರ ಬಗ್ಗೆ ಬರೆದದ್ದಕ್ಕೆ 1933ರಲ್ಲಿ ಕಾಕಿನಾಡದ ಕಾಲೇಜಿನ ಕೆಲಸ ಹೋಯಿತು. ಮುಂದೆ ಮಚಲೀಪಟ್ಟಣದ ಕಾಲೇಜಿನ ಕೆಲಸವೂ ಉಳಿಯಲಿಲ್ಲ. 1940ರಲ್ಲಿ ಹೆಂಡತಿ ಮಕ್ಕಳೊಂದಿಗೆ ಕೃಷ್ಣಾ ಜಿಲ್ಲೆಯ ಮುದುನೂರು ಎಂಬ ಹಳ್ಳಿಗೆ ಹೋಗಿ ಕೇಂದ್ರ ತೆರೆದರು. ವಿಜಯವಾಡಕ್ಕೆ ಬಂದದ್ದು 1947ರಲ್ಲಿ.

ಹಳ್ಳಿಯಲ್ಲಿ ಅವರು ಮಾಡಿದ್ದು ದೇವರಿಲ್ಲ ಎಂಬ ಭಾಷಣವಷ್ಟೇ ಅಲ್ಲ. ರಾತ್ರಿಶಾಲೆ, ಹುಣ್ಣಿಮೆಯ ರಾತ್ರಿ ಎಲ್ಲ ಜಾತಿಯವರ ಸಹಭೋಜನ. ಬೆಳದಿಂಗಳ ಊಟ ಎಂದರೆ ಕನ್ನಡದವರಿಗೆ ಕೈತುತ್ತು ನೆನಪಾಗುತ್ತದೆ. 1940ರ ಆಂಧ್ರದ ಹಳ್ಳಿಯಲ್ಲಿ ಅದು ಬಹಿಷ್ಕಾರವನ್ನು ಕೈಯಾರೆ ಕರೆದುಕೊಳ್ಳುವ ಕೆಲಸ. ಸರಸ್ವತಿ ಗೋರಾ ಮದುವೆಯಾದಾಗ ಹತ್ತು ವರ್ಷದ ಹುಡುಗಿ. ಬಸುರಿಯಾಗಿದ್ದಾಗ ಗ್ರಹಣ ನೋಡಿ, ಮಗುವಿಗೆ ಏನೂ ಆಗಲಿಲ್ಲ ಎಂದು ತೋರಿಸಿದಾಕೆ. ಗಂಡನ ಸಿದ್ಧಾಂತಕ್ಕೆ ಹೆಂಡತಿಯ ಹೊಟ್ಟೆ ಪ್ರಯೋಗಶಾಲೆಯಾಯಿತೇ ಎಂದು ಯಾರಾದರೂ ಕೇಳಬಹುದು. ಆದರೆ ಆಕೆ ಮುಂದೆ ಕ್ವಿಟ್ ಇಂಡಿಯಾದಲ್ಲಿ ಜೈಲು ಕಂಡು, ಗಂಡ ಸತ್ತ ಮೇಲೂ ಮೂರು ದಶಕ ಕೇಂದ್ರವನ್ನು ನಡೆಸಿದವರು. ಅನುಯಾಯಿ ಎಂಬ ಪದ ಅವರಿಗೆ ಸಾಲದು. ಕರ್ನಾಟಕ ಸರ್ಕಾರ ಅವರಿಗೆ ಬಸವ ಪುರಸ್ಕಾರ ಕೊಟ್ಟಿದೆ. ಕೂಡಲಸಂಗಮನಿಗೆ ತನ್ನನ್ನೇ ಒಪ್ಪಿಸಿಕೊಂಡ ಭಕ್ತನ ಹೆಸರಿನ ಪ್ರಶಸ್ತಿ, ದೇವರೇ ಇಲ್ಲವೆಂದ ಹೆಣ್ಣುಮಗಳಿಗೆ! ಕೊಟ್ಟವರಿಗೂ ಪಡೆದವರಿಗೂ ಅದು ವಿಚಿತ್ರವೆನಿಸಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಮಕ್ಕಳಿಗಿಟ್ಟ ಹೆಸರುಗಳೂ ಹಾಗೇ. ಉಪ್ಪಿನ ಸತ್ಯಾಗ್ರಹದ ವರ್ಷ ಹುಟ್ಟಿದ ಮಗ ಲವಣಂ, ಮಹಾಯುದ್ಧ ಶುರುವಾದಾಗ ಹುಟ್ಟಿದವನು ಸಮರಂ. ಕೂಗಿ ಕರೆದರೆ ಯಾವ ದೇವರಿಗೂ ಕೇಳಿಸದ ಹೆಸರುಗಳು.

ಗೋರಾ ಮತ್ತು ಗಾಂಧಿಯ ಪತ್ರವ್ಯವಹಾರ 1930ರಷ್ಟು ಹಿಂದಕ್ಕೆ ಹೋಗುತ್ತದೆ. 1941ರಲ್ಲಿ ಗೋರಾ ತಮ್ಮ ಹಳ್ಳಿಯ ಕೆಲಸ ವಿವರಿಸಿ, ಅಸ್ಪೃಶ್ಯತೆ ಹೋಗಲಾಡಿಸಲು ನಾಸ್ತಿಕ ದೃಷ್ಟಿ ಉಪಯೋಗಕ್ಕೆ ಬರುತ್ತಿದೆ, ಬಂದು ಮಾತಾಡಲೇ ಎಂದು ಬರೆದರು. ಗಾಂಧಿಯ ಉತ್ತರ ಚುಟುಕಾಗಿತ್ತು, ಬಿಸಿಯಾಗಿಯೂ ಇತ್ತು. ನಾಸ್ತಿಕತೆ ಎಂದರೆ ತನ್ನನ್ನೇ ನಿರಾಕರಿಸಿಕೊಳ್ಳುವುದು. ನಿಮಗೆ ಸಿಕ್ಕ ಯಶಸ್ಸು ನಿಮ್ಮ ಪ್ರಾಮಾಣಿಕ ದುಡಿಮೆಯಿಂದ ಬಂದದ್ದು. ಮಾತಿಗಾಗಿ ಬರುವುದು ಬೇಡ. ಸಾರಾಂಶ ಇಷ್ಟು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು, ಯಾಕೆಂದರೆ ಈ ತರ್ಕ ಎಲ್ಲ ಮನೆಗಳಲ್ಲೂ ಕೇಳಿಬರುತ್ತದೆ. ಆಸ್ತಿಕ ಒಳ್ಳೆಯದು ಮಾಡಿದರೆ ಕೀರ್ತಿ ದೇವರಿಗೆ. ನಾಸ್ತಿಕ ಒಳ್ಳೆಯದು ಮಾಡಿದರೆ ಕೀರ್ತಿ ಅವನ ದುಡಿಮೆಗೆ, ಅಥವಾ ಅವನಿಗೇ ತಿಳಿಯದೆ ಒಳಗೆ ಕೂತ ದೇವರಿಗೆ. ಆಸ್ತಿಕ ಕೆಟ್ಟದ್ದು ಮಾಡಿದರೆ ಅವನು ನಿಜವಾದ ಆಸ್ತಿಕನಲ್ಲ. ಹೀಗೆ ಲೆಕ್ಕ ಬರೆದರೆ ಒಂದು ಪಕ್ಷ ಎಂದೂ ಸೋಲುವುದಿಲ್ಲ. ಅತ್ತ ಕಡೆಯ ಲೆಕ್ಕವೂ ಹೀಗೇ ಇರುತ್ತದೆ. ದೇವರ ಹೆಸರಿನಲ್ಲಿ ಹರಿದ ರಕ್ತವನ್ನೆಲ್ಲ ದೇವರ ಖಾತೆಗೆ ಬರೆಯುವವರು, ಸ್ಟಾಲಿನ್ನನ ಕಾಲದ ರಕ್ತವನ್ನು ಮಾತ್ರ ರಾಜಕೀಯದ ಖಾತೆಗೆ ಬರೆಯುತ್ತಾರೆ.

1944ರ ನವೆಂಬರ್‌ನಲ್ಲಿ ಕಡೆಗೂ ಸೇವಾಗ್ರಾಮದಲ್ಲಿ ಭೇಟಿಯಾಯಿತು. ಸಂಜೆಯ ನಡಿಗೆಯಲ್ಲಿ ಗಾಂಧಿ, ದೇವರಿಲ್ಲದವನ ಹತ್ತಿರ ಏನು ಮಾತಾಡಲಿ ಎಂದು ತಮಾಷೆಯಾಗಿಯೇ ಶುರು ಮಾಡಿದರು. ಗೋರಾ ತಕ್ಷಣ ತಿದ್ದಿದರು: ತಾನು ದೇವರಿಲ್ಲದವನಲ್ಲ, ನಾಸ್ತಿಕ. ದೇವರಿಲ್ಲ ಎನ್ನುವುದು ಬರೀ ನಿರಾಕರಣೆ. ಇಲ್ಲವೆಂದ ಮೇಲೆ ಎಲ್ಲದರ ಹೊಣೆಯೂ ತನ್ನ ಹೆಗಲಿಗೆ ಬೀಳುತ್ತದೆ, ಆ ಹೊಣೆ ಹೊತ್ತ ಸ್ಥಿತಿಯೇ ನಾಸ್ತಿಕತೆ ಎಂಬುದು ಅವರ ವಾದ. ಆಡುವುದೊಂದು ಮಾಡುವುದೊಂದು ಎಂಬ ಇಬ್ಬಂದಿತನಕ್ಕೆ ಅಲ್ಲಿ ಜಾಗವಿಲ್ಲ, ಯಾಕೆಂದರೆ ಪ್ರಾಯಶ್ಚಿತ್ತ ಮಾಡಿಸಿಕೊಂಡು ಖಾತೆ ಚುಕ್ತಾ ಮಾಡಲು ಮೇಲೆ ಯಾರೂ ಇಲ್ಲ. ಎರಡನೆಯ ಬಾಳೆಹಣ್ಣಿನ ಪ್ರಶ್ನೆಗೆ ಇದು ಗೋರಾ ಉತ್ತರ. ಕ್ಷಮಿಸುವವನಿಲ್ಲದಿದ್ದರೆ ಕದ್ದದ್ದು ಕದ್ದದ್ದಾಗಿಯೇ ಉಳಿಯುತ್ತದೆ. ಕದಿಯಲು ಧೈರ್ಯ ಬರುವುದಕ್ಕಿಂತ ಹೆಚ್ಚಾಗಿ, ಕದ್ದ ಮೇಲೆ ತಪ್ಪಿಸಿಕೊಳ್ಳಲು ದಾರಿ ಇಲ್ಲವಾಗುತ್ತದೆ.

ತಮ್ಮ ಮಾತಿಗೆ ಅವರು ಕೊಟ್ಟ ಉದಾಹರಣೆ ಬಂಗಾಳದ 1943ರ ಬರಗಾಲ. ಕಲ್ಕತ್ತೆಯ ಬೀದಿಗಳಲ್ಲಿ ತಿಂಡಿ ಅಂಗಡಿಗಳ ಎದುರೇ ಜನ ಹಸಿದು ಸತ್ತರು. ಕೈಚಾಚಿ ತೆಗೆದುಕೊಂಡಿದ್ದರೆ ಬದುಕುತ್ತಿದ್ದರು. ಯಾಕೆ ತೆಗೆದುಕೊಳ್ಳಲಿಲ್ಲ? ಹಸಿವು ತಮ್ಮ ಕರ್ಮ ಎಂದು ನಂಬಿದ್ದರಿಂದ. ಅಂಗಡಿಯವನು ಯಾಕೆ ಕೊಡಲಿಲ್ಲ? ಅವನೂ ಅದನ್ನೇ ನಂಬಿದ್ದರಿಂದ. ದೇವರನ್ನು ನಂಬುವ ಸಮಾಜದಲ್ಲಿ ಹಸಿದವನೂ ಹೊಟ್ಟೆ ತುಂಬಿದವನೂ ಒಟ್ಟಿಗೆ ಸುಮ್ಮನಿದ್ದುಬಿಟ್ಟರು ಎಂದು ಗೋರಾ ವಾದಿಸಿದರು.

ಮನಸ್ಸು ಕಲಕುವ ಚಿತ್ರ, ಆದರೆ ವಾದವಾಗಿ ಅರ್ಧ ಮಾತ್ರ ನಿಲ್ಲುತ್ತದೆ. ಆ ಬರಗಾಲದಲ್ಲಿ ಸತ್ತವರು ಸುಮಾರು 30 ಲಕ್ಷ ಎಂಬ ಅಂದಾಜಿದೆ. ಆಗ ಶಾಂತಿನಿಕೇತನದಲ್ಲಿ ಬಾಲಕನಾಗಿದ್ದ ಅಮರ್ತ್ಯ ಸೇನ್ 1981ರ ಪುಸ್ತಕದಲ್ಲಿ ತೋರಿಸಿದ್ದು, ಅಕ್ಕಿ ಇಲ್ಲದ್ದಕ್ಕಿಂತ ಕೊಳ್ಳುವ ಶಕ್ತಿ ಇಲ್ಲದ್ದು ಜನರನ್ನು ಕೊಂದಿತು ಎಂದು. ಯುದ್ಧಕಾಲದ ಬೆಲೆ, ಸರ್ಕಾರದ ನಿರ್ಲಕ್ಷ್ಯ, ಅಂಗಡಿಯ ಮುಂದಿನ ಪೊಲೀಸಿನ ಲಾಠಿ ಇವೆಲ್ಲ ಕರ್ಮಸಿದ್ಧಾಂತದಷ್ಟೇ ಗಟ್ಟಿಯಾಗಿದ್ದವು. ಹಲವು ದಿನ ಉಪವಾಸವಿದ್ದ ದೇಹಕ್ಕೆ ದಂಗೆಯೇಳುವ ಬಲವೂ ಇರುವುದಿಲ್ಲ, ಅದು ಯಾವ ತತ್ವ ನಂಬಿದ್ದರೂ. ಗಂಜಿಕೇಂದ್ರ ತೆರೆದವರಲ್ಲಿ ಭಕ್ತರೂ ಇದ್ದರು, ಕಮ್ಯುನಿಸ್ಟರೂ ಇದ್ದರು. ಹೀಗಿದ್ದೂ ಗೋರಾ ಮಾತಿನ ಉಳಿದರ್ಧವನ್ನು ತಳ್ಳಿಹಾಕಲಾಗದು. ಬೇರೆಯವರ ಹಸಿವನ್ನು ವಿಧಿ ಎಂದು ಕರೆಯುವುದು ಎಷ್ಟು ಆರಾಮದ ವಿಷಯ ಎಂದು ಗೊತ್ತಾಗಲು ಕಲ್ಕತ್ತೆಗೆ ಹೋಗಬೇಕಿಲ್ಲ. ಸಿಗ್ನಲ್ಲಿನಲ್ಲಿ ಕಾರಿನ ಗಾಜು ಏರಿಸಿದರೆ ಸಾಕು.

ಗಾಂಧಿ ಆ ದಿನಗಳ ಮಾತುಕತೆಯ ಕೊನೆಗೆ ಒಪ್ಪಲೂ ಇಲ್ಲ, ತಿರಸ್ಕರಿಸಲೂ ಇಲ್ಲ. ತನ್ನ ಆಸ್ತಿಕತೆ ಸರಿಯೆಂದೋ ಗೋರಾ ಅವರ ನಾಸ್ತಿಕತೆ ತಪ್ಪೆಂದೋ ಹೇಳಲಾರೆ, ಕೆಲಸದ ಫಲ ತೀರ್ಮಾನಿಸಲಿ ಎಂಬರ್ಥದ ಮಾತಾಡಿದರು. ಮೂರು ವರ್ಷದ ಹಿಂದೆ ಬರಬೇಡ ಎಂದು ಬರೆದವರು ಇವರೇ. ಈ ಸಂಭಾಷಣೆಗಳನ್ನು ಗೋರಾ ಬರೆದಿಟ್ಟರು. 1951ರಲ್ಲಿ ಪ್ರಕಟಿಸಿದ್ದು ಗಾಂಧಿಯದೇ ನವಜೀವನ ಪ್ರೆಸ್ಸು.

ಫಲ ತೀರ್ಮಾನಿಸಲಿ ಎಂದರೆ ನೋಡಬೇಕಾದ ಜಾಗ ಬಾಪಟ್ಲ ಬಳಿಯ ಸ್ಟುವರ್ಟ್‌ಪುರಂ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಘೋಷಿಸಿತ್ತು. ಎರುಕಲ ಜನರನ್ನು ತಂದು ಕೂರಿಸಲು 1910ರ ದಶಕದಲ್ಲಿ ಮಾಡಿದ ವಸಾಹತು ಈ ಊರು, ಉಸ್ತುವಾರಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆಯದು. ಕಳ್ಳತನ ಬಿಡಿಸಲು ಬೈಬಲ್ ಇತ್ತು, ಹಾಜರಿ ಪುಸ್ತಕವೂ ಇತ್ತು. ಕಾಯ್ದೆ 1952ರಲ್ಲಿ ಹೋಯಿತು, ಹಣೆಪಟ್ಟಿ ಹೋಗಲಿಲ್ಲ. ತೆಲುಗು ಸಿನಿಮಾಗಳಿಗೆ ಸ್ಟುವರ್ಟ್‌ಪುರಂ ಎಂದರೆ ಈಗಲೂ ಕಳ್ಳರ ಊರು. 1970ರ ದಶಕದಲ್ಲಿ ಅಲ್ಲಿಗೆ ಹೋದವರು ಗೋರಾ ಮಗ ಲವಣಂ ಮತ್ತು ಸೊಸೆ ಹೇಮಲತಾ. ಅವರಲ್ಲಿ ಯಾವ ಗ್ರಂಥವೂ ಇರಲಿಲ್ಲ, ನರಕದ ಭಯ ತೋರಿಸುವಂತಿರಲಿಲ್ಲ. ಮನೆಮನೆಗೆ ಹೋಗಿ ಕೂತರು, ಹೆಂಗಸರ ಹತ್ತಿರ ಮಾತಾಡಿದರು, ಮಕ್ಕಳ ಓದು, ದುಡಿಮೆ, ಪೊಲೀಸರೊಂದಿಗಿನ ತಗಾದೆಗಳ ಹಿಂದೆ ವರ್ಷಗಟ್ಟಲೆ ಓಡಾಡಿದರು. ಬೈಬಲ್ ಹಿಡಿದು ಬಂದವರಿಗಿಂತ ಇವರು ಮೇಲು ಎಂದು ಹೇಳಿದರೆ ಅನ್ಯಾಯವಾದೀತು. ಮೊದಲು ಬಂದವರ ಕೈಗೆ ವಸಾಹತು ಸರ್ಕಾರ ಬೀಗದ ಕೈ ಕೊಟ್ಟಿತ್ತು, ಇವರ ಕೈ ಖಾಲಿ ಇತ್ತು. ಖಾಲಿ ಕೈಯವನನ್ನು ಜನ ಬೇರೆ ರೀತಿಯಲ್ಲಿ ನೋಡುತ್ತಾರೆ.

ಹೇಮಲತಾ ಆಮೇಲೆ ನಿಜಾಮಾಬಾದ್ ಜಿಲ್ಲೆಯ ಜೋಗಿನಿಯರ ನಡುವೆ ಕೆಲಸ ಮಾಡಿದರು. ಸವದತ್ತಿ ಎಲ್ಲಮ್ಮನ ಹೆಸರು ಕೇಳಿದ ಕನ್ನಡಿಗರಿಗೆ ಜೋಗಿನಿ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ದೇವರಿಗೆ ಬಿಟ್ಟ ಹುಡುಗಿ ಊರಿನ ಗಂಡಸರ ಪಾಲಾಗುವ ಪದ್ಧತಿಯದು. ಕರ್ನಾಟಕ 1982ರಲ್ಲಿ, ಆಂಧ್ರ 1988ರಲ್ಲಿ ಕಾನೂನು ತಂದವು. ನೀತಿಗೆ ದೇವರ ಆಸರೆ ಬೇಕೇಬೇಕು ಎನ್ನುವವರು ಇಲ್ಲಿ ಸ್ವಲ್ಪ ತಡವರಿಸಬೇಕಾಗುತ್ತದೆ. ಮುತ್ತು ಕಟ್ಟಿಸಿದ ತಂದೆತಾಯಿ ಭಕ್ತರು, ಶಾಸ್ತ್ರ ಮಾಡಿದವನು ಭಕ್ತ, ಮುಂದೆ ಬಂದು ಹೋದ ಗಂಡಸರೂ ಭಕ್ತರೇ. ಎಲ್ಲಮ್ಮನ ಕಣ್ಣು ಯಾರನ್ನೂ ತಡೆಯಲಿಲ್ಲ.

ಕರ್ನಾಟಕದಲ್ಲಿ ಇಂಥ ಬದುಕಿಗೆ ಎಲ್ಲರೂ ತಕ್ಷಣ ಹೇಳುವ ಹೆಸರು ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಿಂದ ಬಂದು, 1942ರಲ್ಲಿ ಜೈಲು ಸೇರಿ, ಅಮೆರಿಕದ ಓಹಾಯೋದಲ್ಲಿ ಭೌತವಿಜ್ಞಾನದ ಪಿಎಚ್‌ಡಿ ಮಾಡಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದವರು. ಬಸವನಗುಡಿ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ 2005ರಲ್ಲಿ ತೀರಿಕೊಳ್ಳುವ ಕಾಲದವರೆಗೂ ವಾಸ. ಮದುವೆಯಿಲ್ಲ, ಆಸ್ತಿಯಿಲ್ಲ, ಖಾದಿ ಪಂಚೆ, ಟೋಪಿ. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಈ ಮನುಷ್ಯನನ್ನು ಜನ ಹೊಗಳುವಾಗ ಬಳಸಿದ ಪದಗಳು ಋಷಿ, ಸಂತ, ಸನ್ಯಾಸಿ.

ಅಲ್ಲೇ ಒಂದು ತೊಡಕಿದೆ. ನಾಸ್ತಿಕನೂ ವಿಚಾರವಾದಿಯೂ ನಂಬಿಕೆಗೆ ಅರ್ಹನಾಗಬೇಕಾದರೆ ಸನ್ಯಾಸಿಯ ಬದುಕು ಬದುಕಿ ತೋರಿಸಬೇಕು. ಗೋರಾ ಒಂಬತ್ತು ಮಕ್ಕಳನ್ನು ಕಟ್ಟಿಕೊಂಡು ಹಳ್ಳಿಯಲ್ಲಿ ಕೂರಬೇಕು, ನರಸಿಂಹಯ್ಯ ಹಾಸ್ಟೆಲಿನ ಅನ್ನ ಉಣ್ಣಬೇಕು, ಭಗತ್ ಸಿಂಗ್ ಇಪ್ಪತ್ಮೂರಕ್ಕೆ ಗಲ್ಲಿಗೇರಬೇಕು. ಲಾಹೋರ್ ಜೈಲಿನಲ್ಲಿ 1930ರಲ್ಲಿ ಬರೆದ ನಾಸ್ತಿಕತೆಯ ಪ್ರಬಂಧದಲ್ಲಿ, ತನಗೆ ಆಚೆ ಸ್ವರ್ಗವೂ ಇಲ್ಲ ಮರುಜನ್ಮವೂ ಇಲ್ಲ, ಕುಣಿಕೆ ಬಿಗಿದ ಕ್ಷಣವೇ ಕೊನೆ ಎಂಬುದನ್ನು ಆ ಹುಡುಗ ಎಷ್ಟು ನಿರ್ಲಿಪ್ತವಾಗಿ ಹೇಳುತ್ತಾನೆಂದರೆ ಓದುವಾಗ ಗಂಟಲು ಕಟ್ಟುತ್ತದೆ. ಆದರೆ ಆಸ್ತಿಕರಿಂದ ಇಂಥ ಪುರಾವೆಯನ್ನು ಯಾರು ಕೇಳುತ್ತಾರೆ? ಹೋಮ್‌ಲೋನ್ ಕಟ್ಟುತ್ತಾ, ವಾರಕ್ಕೊಮ್ಮೆ ದೇವಸ್ಥಾನಕ್ಕೆ ಹೋಗುತ್ತಾ, ಆಗಾಗ ಸಣ್ಣ ಸುಳ್ಳು ಹೇಳುತ್ತಾ ಬದುಕುವ ಭಕ್ತನನ್ನು ಸಜ್ಜನ ಎನ್ನಲು ಯಾರಿಗೂ ಅಡ್ಡಿಯಿಲ್ಲ. ಹೋಮ್‌ಲೋನ್ ಕಟ್ಟುತ್ತಾ, ವಾರಕ್ಕೊಮ್ಮೆ ಸಿನಿಮಾಕ್ಕೆ ಹೋಗುತ್ತಾ, ಅಷ್ಟೇ ಸಣ್ಣ ಸುಳ್ಳು ಹೇಳುವ ನಾಸ್ತಿಕನಿಗೂ ಅದೇ ರಿಯಾಯಿತಿ ಸಿಗಬೇಕು.

ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ಈ ಸಾಧಾರಣ ನಾಸ್ತಿಕನಿಗೆ ಕೊಲೆ ಮಾಡಬೇಕೇ ಬೇಡವೇ ಎಂಬ ಸಂದಿಗ್ಧ ಬರುವುದಿಲ್ಲ. ಅವನ ಧರ್ಮಸಂಕಟ ಬರುವುದು ಅಪ್ಪನ ತಿಥಿಯ ದಿನ. ಬದುಕಿದ್ದಾಗ ಅಪ್ಪ ನಂಬಿದ್ದರು, ಅಮ್ಮ ಈಗಲೂ ನಂಬುತ್ತಾರೆ. ಮಗನಿಗೆ ಪಿಂಡ ಅನ್ನದ ಉಂಡೆ, ಕಾಗೆ ಕಾಗೆ. ಕೂತು ಮಾಡಿದರೆ ಸುಳ್ಳು. ಮಾಡದಿದ್ದರೆ ಎಪ್ಪತ್ತೈದರ ಅಮ್ಮ ಆ ರಾತ್ರಿ ಊಟ ಮಾಡುವುದಿಲ್ಲ. ಪರಲೋಕದಲ್ಲಿ ಇದಕ್ಕೆ ಲೆಕ್ಕ ಕೇಳುವವರಿಲ್ಲವೆಂದು ಅವನಿಗೆ ಖಾತ್ರಿಯಿದೆ, ಆದರೂ ವಾರದಿಂದ ನಿದ್ದೆಯಿಲ್ಲ. ನೀತಿಪ್ರಜ್ಞೆ ದೇವರ ಜೊತೆಗೇ ಹೊರಟುಹೋಗುವ ವಸ್ತುವಾಗಿದ್ದರೆ ಅವನು ಆರಾಮವಾಗಿ ಮಲಗಿರಬೇಕಿತ್ತು.

ನೆಹರೂ 1954ರ ಉಯಿಲಿನಲ್ಲಿ ತಮಗೆ ಯಾವ ಧಾರ್ಮಿಕ ವಿಧಿಯೂ ಬೇಡ, ನಂಬದೆ ಬರೀ ಶಾಸ್ತ್ರಕ್ಕೆ ಮಾಡುವುದು ಆತ್ಮವಂಚನೆ ಎಂದು ಬರೆದಿಟ್ಟಿದ್ದರು. 1964ರಲ್ಲಿ ಯಮುನೆಯ ದಡದಲ್ಲಿ ಮಂತ್ರ ಹೇಳಿಯೇ ಚಿತೆಗೆ ಬೆಂಕಿ ಇಟ್ಟರು. ಪ್ರಧಾನಿಯ ಮಾತೇ ನಡೆಯದಿದ್ದಲ್ಲಿ ಸಾಫ್ಟ್‌ವೇರ್ ಎಂಜಿನಿಯರನದು ನಡೆಯುತ್ತದೆಯೇ? ಗೋರಾ ಆಗಿದ್ದರೆ ಮಾಡಕೂಡದು ಎನ್ನುತ್ತಿದ್ದರು, ಎರಡನೆಯ ಮಾತಿಲ್ಲ. ಅಮ್ಮನ ಊಟ ದೊಡ್ಡದು ಎಂದು ಕೂತುಬಿಡುವ ಮಗನನ್ನು ಹೇಡಿ ಎಂದು ಕರೆಯಲು ಮಾತ್ರ ಮನಸ್ಸು ಒಪ್ಪುವುದಿಲ್ಲ. ನಾಸ್ತಿಕರು ಇನ್ನೂ ಕಟ್ಟಿಕೊಳ್ಳದೆ ಬಿಟ್ಟಿರುವುದು ಇದನ್ನೇ: ಸಾವಿನ ಮನೆಯಲ್ಲಿ ಕೈಗೆ ಕೆಲಸ ಕೊಡುವ, ನೆಂಟರನ್ನು ಸಾಲಾಗಿ ಕೂರಿಸುವ, ಹದಿಮೂರನೆಯ ದಿನ ಸಿಹಿ ಉಣಿಸಿ ಮತ್ತೆ ಬ್ಯಾಂಕಿಗೆ ಕಳಿಸುವ ಒಂದು ಕ್ರಮ. ಮಂತ್ರಕ್ಕೆ ಅರ್ಥವಿರಲಿ ಇಲ್ಲದಿರಲಿ, ಆ ಹದಿಮೂರು ದಿನಗಳಿಗೆ ಉಪಯೋಗವಿತ್ತು.

ಮದುವೆಯ ವಿಷಯದಲ್ಲಿ ಕೆಲಸ ಹೆಚ್ಚು ನಡೆದಿದೆ. ಪೆರಿಯಾರ್ ಶುರುಮಾಡಿದ, ಪುರೋಹಿತರಿಲ್ಲದ ಸ್ವಾಭಿಮಾನ ವಿವಾಹಗಳಿಗೆ 1967ರಲ್ಲಿ ಅಣ್ಣಾದೊರೈ ಸರ್ಕಾರ ಕಾನೂನಿನ ಮಾನ್ಯತೆ ಕೊಟ್ಟಿತು. ಅದಕ್ಕೂ ಎರಡು ದಶಕ ಮೊದಲಿನ ಒಂದು ಮದುವೆ ಗೋರಾ ಮನೆಯದು. ಹಿರಿಯ ಮಗಳು ಮನೋರಮಾಳನ್ನು ದಲಿತ ಯುವಕ ಅರ್ಜುನ ರಾವ್‌ಗೆ ಕೊಡುವುದೆಂದು ತೀರ್ಮಾನವಾದಾಗ ಗಾಂಧಿಯನ್ನು ಕೇಳಿದರು. ಅಷ್ಟು ಹೊತ್ತಿಗೆ ಗಾಂಧಿ, ಗಂಡುಹೆಣ್ಣಿನಲ್ಲಿ ಒಬ್ಬರು ಹರಿಜನರಾಗಿದ್ದರೆ ಮಾತ್ರ ಮದುವೆಗೆ ಬರುತ್ತೇನೆ ಎಂಬ ನಿಯಮ ಮಾಡಿಕೊಂಡಿದ್ದರು. ಸೇವಾಗ್ರಾಮದಲ್ಲಿ ತಾವೇ ಮಾಡಿಸುವುದಾಗಿ ಒಪ್ಪಿದರು, ಆದರೆ ಎರಡು ವರ್ಷ ಕಾಯಿಸಿದರು. ಹುಡುಗ ಅಷ್ಟು ಕಾಲ ಆಶ್ರಮದಲ್ಲಿದ್ದು ಕಲಿಯಲಿ ಎಂದರು. ಆಶ್ರಮದ ಮದುವೆಯ ಪ್ರತಿಜ್ಞೆಯಲ್ಲಿ ದೇವರ ಹೆಸರು ಬರುತ್ತಿತ್ತು. ನಾಸ್ತಿಕರ ಮಗಳು ಅದನ್ನು ಹೇಗೆ ಹೇಳುವುದು ಎಂಬ ಮಾತು ಬಂದಾಗ ಗಾಂಧಿ ಹೆಚ್ಚು ಯೋಚಿಸಲಿಲ್ಲ. ದೇವರು ಎಂದಿದ್ದ ಕಡೆ ಸತ್ಯ ಎಂದು ಹಾಕಿದರಾಯಿತು ಎಂದರು.

ಆ ಮದುವೆ 1948ರ ಮಾರ್ಚ್‌ನಲ್ಲಿ ಸೇವಾಗ್ರಾಮದಲ್ಲೇ ನಡೆಯಿತು, ಗಾಂಧಿ ಹತ್ಯೆಯಾಗಿ ಆರು ವಾರ ಕಳೆದಿತ್ತು. ಪ್ರತಿಜ್ಞೆಯ ಮಾತು ಅವರು ಒಪ್ಪಿದ ಹಾಗೇ ಇತ್ತು.